ನಮ್ಮ ಸೊಸೆಗೆ ಜ್ವರವೇ ಬರುವುದಿಲ್ಲ!

ನಮ್ಮ ಸೊಸೆಗೆ ಒಂದು ಭಯಂಕರ ಕಾಯಿಲೆ ಇದೆ. ಏನೆಂದರೆ, ರಜೆ ಬೇಕಾದಾಗ ಕೂಡ ಅವಳಿಗೆ ಜ್ವರ ಬರುವುದಿಲ್ಲ! ನೀವೇ ಹೇಳಿ, ಸರ್ಕಾರಿ ನೌಕರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ರೋಗ ಇದೆಯೇ?

ಅವಳು ಇಲ್ಲೇ ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ನಾನೂ ಎಸ್ಸೆಸ್ಸೆಲ್ಸಿ ಮುಗಿಸಿ, ಹರಪನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಹಾಗಾಗಿ ಸೊಸೆಗೆ ನೌಕರಿ ಸಿಕ್ಕಾಗ ನನ್ನ ವಿದ್ಯೆಗೊಬ್ಬ ವಾರಸುದಾರಳು ಸಿಕ್ಕಳೆಂದು ಹಿಗ್ಗಿದ್ದೆ. ಆ ಹಿಗ್ಗು ಒಂದು ತಿಂಗಳೂ ಬಾಳಲಿಲ್ಲ.

ಒಂದು ಬೆಳಿಗ್ಗೆ ಒಂಬತ್ತೂವರೆಯಾದರೂ ಅವಳು ಜಡೆ ಬಿಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಯಾಕವ್ವಾ, ಆರಾಮಿಲ್ಲೇನು?"

"ಆರಾಮ ಅದೀನ್ರಿ ಮಾವ. ತಲಿಗೆ ಎಣ್ಣಿ ಹಚ್ಕೊಂಡು ಹದಿನೈದು ದಿನ ಆತು. ಇವತ್ತು ರಜಾ ಹಾಕೀನಿ."

"ಸಾಹೇಬ್ರಿಗೆ ಏನಂತ ಹೇಳಿದಿ?"

"ಎಣ್ಣಿ ಹಚ್ಕೋಬೇಕು ಅಂತ."

ಬಸಿಯಲ್ಲಿದ್ದ ಚಹಾ ನನ್ನ ಅಂಗಿಯ ಮೇಲೆ ಚೆಲ್ಲಿತು. ಅವಳು ಮೊಬೈಲ್ ತೋರಿಸಿದಳು. ಹೌದು, ಹಾಗೇ ಬರೆದಿದ್ದಳು! ಕೆಳಗೆ ಸಾಹೇಬರ ಉತ್ತರ: 'ಆಗಲಿ.' ಆ ಸಾಹೇಬನೂ ಅವಳ ವಯಸ್ಸಿನವನೇ. ಇಬ್ಬರೂ ಸೇರಿ ಸರ್ಕಾರವನ್ನು ಎಲ್ಲಿಗೆ ಮುಟ್ಟಿಸುತ್ತಾರೋ!

ಮುಂದಿನ ಸಲ 'ಅಕ್ಕನ ಮಗಳಿಗೆ ಕಿವಿ ಚುಚ್ಚಿಸುವುದಿದೆ, ಹಿಡಿದುಕೊಳ್ಳಲು ನಾನೇ ಬೇಕಂತೆ' ಎಂದು ಬರೆದಳು. ಅದರ ಮುಂದಿನ ಸಲವಂತೂ 'ಕೆಲಸ ಮಾಡಿ ಸಾಕಾಗಿದೆ', ಇಷ್ಟೇ! ಸಾಕಾಗುವುದೂ ಒಂದು ಕಾರಣವೇ? ನಮಗೆಲ್ಲ ಮೂವತ್ತಾರು ವರ್ಷ ಸಾಕಾಗಿತ್ತು, ಬಾಯಿ ಬಿಟ್ಟಿದ್ದೆವೇ? ಕಚೇರಿಗೆ ಹೋದ ದಿನ ಮಾತ್ರ ಅವಳು ಊಟದ ಹೊತ್ತು ಬಿಟ್ಟರೆ ತಲೆ ಎತ್ತುವುದಿಲ್ಲವಂತೆ. ನಾವು ಹೋದ ದಿನವೂ ಅರ್ಧ ಹೊತ್ತು ಚಹಾದಂಗಡಿಯಲ್ಲೇ ಇರುತ್ತಿದ್ದೆವು. ಆ ಮಾತು ಬೇರೆ, ಬಿಡಿ.

ನಮ್ಮ ಕಾಲದಲ್ಲಿ ರಜೆ ಎನ್ನುವುದು ಒಂದು ಶಾಸ್ತ್ರ. ಅದರಲ್ಲಿ ನಾನು ಪಂಡಿತ. ಅಕ್ಷರ ದುಂಡಗಿದ್ದುದರಿಂದ ಇಡೀ ಕಚೇರಿಯ ರಜಾ ಅರ್ಜಿ ಬರೆಯುವವನು ನಾನೇ. ಒಂದು ದಿನಕ್ಕೆ ವಾಂತಿಭೇದಿ, ಮೂರು ದಿನಕ್ಕೆ ವಿಷಮಶೀತ ಜ್ವರ, ಐದು ದಿನಕ್ಕೆ ಸಾವು. ನನ್ನ ಅಕ್ಷರದಲ್ಲಿ ಸತ್ತ ಅಜ್ಜಿಯರನ್ನು ಸಾಲಾಗಿ ನಿಲ್ಲಿಸಿದರೆ ಕೊಟ್ಟೂರಿನಿಂದ ಕೂಡ್ಲಿಗಿಯವರೆಗೆ ಮುಟ್ಟುತ್ತಿತ್ತು! ಒಮ್ಮೆ ಹಾಗೆ ಸತ್ತ ಚಿಗಟೇರಿಯ ಅಜ್ಜಿಯೊಬ್ಬಳು ಎಂಟೇ ದಿನಕ್ಕೆ, ನಮ್ಮ ಜೊತೆ ಕೆಲಸಕ್ಕಿದ್ದ ಮೊಮ್ಮಗನಿಗೆಂದು ರೊಟ್ಟಿ ಬುತ್ತಿ ಹಿಡಿದು, ಕಚೇರಿಗೇ ಬಂದುಬಿಟ್ಟಳು. ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ನಾನು ಎದ್ದು ನಿಂತೆ.

"ಈಕಿ ಸಣ್ಣಜ್ಜಿ ಸಾಹೇಬ್ರ. ಸತ್ತಾಕಿ ದೊಡ್ಡಜ್ಜಿ."

ಪುಣ್ಯಕ್ಕೆ ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ!

ಇಂಥ ವಿದ್ಯೆ ನನ್ನೊಂದಿಗೇ ಮುಗಿಯಬೇಕೇ? ಮೊನ್ನೆ ಸೊಸೆ ಶಾವಿಗೆ ಹೊಸೆಯಲು ಇನ್ನೊಂದು ದಿನ ರಜೆ ಕೇಳುತ್ತೇನೆಂದಳು. ನಾನೇ ಹಾಳೆ ತೆಗೆದು, 'ನಮ್ಮ ಅತ್ತೆಯವರಿಗೆ ತೀವ್ರ ಎದೆನೋವು ಕಾಣಿಸಿಕೊಂಡಿರುವುದರಿಂದ' ಎಂದು ಬರೆದು, ಗಟ್ಟಿಯಾಗಿ ಓದಿದೆ. ಶಾವಿಗೆ ಮಣೆಯ ಮುಂದೆ ಕೂತಿದ್ದ ನನ್ನ ಹೆಂಡತಿ ಎದ್ದೇ ಬಂದಳು.

"ನನಗ್ಯಾಕ ಎದಿನೋವು ತರ್ತೀರಿ? ಬೇಕಾದ್ರ ನೀವು ತಂದ್ಕೊಳ್ರಿ!"

ಸೊಸೆ ನಗುತ್ತ ಹಾಳೆ ಇಸಿದುಕೊಂಡಳು. "ಅಲ್ರೀ ಮಾವ, ಅತ್ತಿಗೆ ಆರಾಮಿಲ್ಲ ಅಂತ ಇವತ್ತು ಸುಳ್ಳು ಬರದ್ರ, ನಾಳಿ ಖರೇನ ಆರಾಮ ತಪ್ಪಿದಾಗ ಏನ್ ಬರೀಲಿ?"

ಅವಳು ತಮಾಷೆಗೆ ಕೇಳಿದ್ದು. ಆದರೆ ಆ ಪ್ರಶ್ನೆಯ ಉತ್ತರ ನನಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಆ ದಿನ ಅವರಿಬ್ಬರ ಮುಂದೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ನಾನು ನಮ್ಮ ಅವ್ವನನ್ನು ಕೊಂದಿದ್ದೆ. ಅರ್ಜಿಯಲ್ಲಿ. ಕೊಟ್ಟೂರಿನಲ್ಲಿ ವಾಲಿಬಾಲ್ ಪಂದ್ಯಾವಳಿ ಇತ್ತು, ನನಗೆ ಐದು ದಿನ ಬೇಕಿತ್ತು. ಸಾಹೇಬರು ಒಳ್ಳೆಯವರು, ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. ಸುಳ್ಳು ಗಟ್ಟಿಯಾಗಲೆಂದು ತಲೆಯನ್ನೂ ಬೋಳಿಸಿಕೊಂಡೆ. ಮುಂದಿನ ವಾರ ನಮ್ಮೂರು ಹೊಳಲಿಗೆ ಹೋದಾಗ ಅವ್ವ ಗಾಬರಿಯಾದಳು.

"ತಲಿ ಯಾಕ ಬೋಳಿಸಿದ್ಯೋ?"

"ಮೈಲಾರಕ್ಕ ಹರಕಿ ಇತ್ತವ್ವಾ."

ಮಗನಿಗೆ ದೈವಭಕ್ತಿ ಬಂತೆಂದು ಅವಳಿಗೆ ಎಷ್ಟು ಸಂತೋಷ! ತನ್ನ ಸಾವಿಗೆ ಬೋಳಾದ ತಲೆಗೆ ತಾನೇ ಕೂತು ಕೊಬ್ಬರಿ ಎಣ್ಣೆ ಹಚ್ಚಿದಳು.

ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ನಮ್ಮೂರಿನವನೊಬ್ಬ ಕಚೇರಿಗೆ ಬಂದು, "ಅವ್ವ ಕರಿಯಾಕ ಹತ್ಯಾಳ, ಲಗೂನ ಬಾ," ಎಂದ. ಅದು ಮೇಲಿನವರ ತಪಾಸಣೆಯ ವಾರ. ತಂದೆತಾಯಿಯ ವಿಷಯ ಬಿಟ್ಟು ಬೇರೆ ಯಾವ ಕಾರಣಕ್ಕೂ ರಜೆ ಇಲ್ಲವೆಂದು ಅದೇ ಸಾಹೇಬರು ಹೇಳಿಬಿಟ್ಟಿದ್ದರು. ಸತ್ತ ತಾಯಿ ಕರೆಯುತ್ತಿದ್ದಾಳೆಂದು ಹೇಗೆ ಬರೆಯಲಿ? ಎಲ್ಲರ ಸುಳ್ಳು ಬರೆದ ಕೈಗೆ ನನ್ನದೊಂದು ನಿಜ ಬರೆಯಲು ಆಗಲಿಲ್ಲ. ನೌಕರಿ ಹೋದೀತೆಂಬ ಭಯ. ಐದೂವರೆಯ ತನಕ ಕೂತೇ ಇದ್ದೆ. ಆಮೇಲೆ ಹಡಗಲಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹೊಳಲು ಮುಟ್ಟುವಷ್ಟರಲ್ಲಿ ಅವ್ವನ ತಲೆದೆಸೆಗೆ ದೀಪ ಇಟ್ಟಿದ್ದರು. ಮೂರು ಗಂಟೆಯ ತನಕ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ.

ಮಣ್ಣು ಮಾಡಿ ಬಂದು 'ಜ್ವರ' ಎಂದು ಬರೆದುಕೊಟ್ಟೆ. ಆ ಸಲ ತಲೆ ಬೋಳಿಸಲಿಲ್ಲ. ಬೋಳಿಸಿದರೆ ಯಾರು ಸತ್ತರೆಂದು ಕಚೇರಿಯಲ್ಲಿ ಕೇಳುತ್ತಾರಲ್ಲ!

ನಾನು ಹೇಳಿ ಮುಗಿಸುವಾಗ ಮಣೆಯ ಮೇಲಿನ ಹಿಟ್ಟು ಒಣಗಿತ್ತು. ಹೆಂಡತಿ ಅದನ್ನೇ ನೋಡುತ್ತ ಕೂತಿದ್ದಳು. ಸೊಸೆ ಕೈಯಲ್ಲಿದ್ದ ಎದೆನೋವಿನ ಹಾಳೆಯನ್ನು ಹಿಂಬದಿಗೆ ತಿರುಗಿಸಿ ನನ್ನ ಮುಂದಿಟ್ಟಳು.

"ನನಗೊಂದು ರಜಾ ಅರ್ಜಿ ಬರೀರಿ ಮಾವ. ನಾಳಿಗೆ. ನಿಮ್ಮ ಅಕ್ಷರ ದುಂಡಗ ಅದಾವು."

"ಶಾವಿಗಿಗೆ?"

"ಶಾವಿಗಿ ಇರ್ಲಿ. ನಿಮ್ಮನ್ನ ಹೊಳಲಿಗೆ ಕರ್ಕೊಂಡು ಹೋಗಾಕ. ಯಾಕಂತ ಖರೇನ ಬರೀರಿ."

'ಮಾನ್ಯರೇ' ಎನ್ನುವವರೆಗೆ ಪೆನ್ನು ಅಭ್ಯಾಸಬಲದಿಂದ ಓಡಿತು. ಆಮೇಲೆ ಅಲುಗಾಡಲಿಲ್ಲ. ಬಹಳ ಹೊತ್ತಾದ ಮೇಲೆ ಬರೆದೆ: 'ನಮ್ಮ ಮಾವನವರನ್ನು ಅವರ ತಾಯಿ ಕರೆದಿದ್ದರು. ಆಗ ಅವರು ಹೋಗಲಿಲ್ಲ. ನಾಳೆ ಕರೆದುಕೊಂಡು ಹೋಗಬೇಕಾಗಿರುವುದರಿಂದ ಒಂದು ದಿನದ ರಜೆ ನೀಡಬೇಕೆಂದು ಕೋರುತ್ತೇನೆ.'

ಸೊಸೆ ಅದರ ಫೋಟೋ ತೆಗೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಆ ಸಾಹೇಬನ ಉತ್ತರ ಬಂತು: 'ಒಂದು ದಿನ ಸಾಕಾ?'

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಎದುರಿಗೆ ಕ್ಷೌರದಂಗಡಿಯೊಂದು ಆಗಷ್ಟೇ ಬಾಗಿಲು ತೆಗೆದಿತ್ತು. ನನ್ನ ಕಾಲು ಅಲ್ಲೇ ನಿಂತವು.

"ಹಡಗಲಿ ಬಸ್ ಬಂತ್ರಿ ಮಾವ."

"ಒಂದು ಹರಕಿ ಉಳದೈತವ್ವಾ."

ಅವಳು ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಬಿಳಿ ಕೂದಲನ್ನು ನೋಡಿದಳು. ಕೈಚೀಲ ಇಸಿದುಕೊಂಡು, ಅಂಗಡಿಯ ಮುಂದಿನ ಬೆಂಚಿನ ಮೇಲೆ ಆರಾಮಾಗಿ ಕೂತಳು.

"ತೀರಿಸಿ ಬರ್ರಿ. ಇನ್ನೊಂದು ಬಸ್ ಐತಿ."