ಓವನ್ನಿನಲ್ಲಿ ಸಿಕ್ಕ ಟೂಟಿ ಫ್ರೂಟಿ

ಓವನ್ನಿನ ಕೆಳತಟ್ಟೆಯ ಸಂದಿಯಲ್ಲಿ ಟೂಟಿ ಫ್ರೂಟಿಯ ಒಂದು ಚೂರು ಅಂಟಿಕೊಂಡಿತ್ತು. ಕೆಂಪು ಬಣ್ಣದ್ದು, ಒಂದು ತುದಿ ಕರಕಲು. ಚಿಮಟದಲ್ಲಿ ತೆಗೆದು ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಸಂದೇಹಕ್ಕೆ ಆಸ್ಪದವಿರಲಿಲ್ಲ.

ನಾನು ಸುಲಭಕ್ಕೆ ಸಿಟ್ಟಾಗುವವಳಲ್ಲ. ಸಿಟ್ಟಾದರೂ ತೋರಿಸಿಕೊಳ್ಳುವವಳಂತೂ ಅಲ್ಲ. ಆದರೆ ಹಳೆಯ ಸಾಮಾನು ಮಾರುವವರ ಬಾಯಲ್ಲಿ ಬರುವ 'ಹೊಸದರಂಗೇ ಅದೆ' ಎಂಬ ಮಾತು ಇನ್ನು ಮೇಲೆ ನನ್ನ ಕಿವಿಗೆ ಬೀಳಕೂಡದು. ಪಾಂಡವಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಣ್ಣು ಪರೀಕ್ಷೆಯ ಪುಟ್ಟ ಲ್ಯಾಬ್ ತೆರೆಯಲು ಹೊರಟಿದ್ದೆ. ಮಣ್ಣು ಒಣಗಿಸಲು ಓವನ್ ಬೇಕು. ಹೊಸದು ಕೈಗೆಟುಕದ್ದರಿಂದ, ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಲ್ಯಾಬ್‌ಗಳ ಹಳೆಯ ಉಪಕರಣ ಮಾರುವ ಸಿದ್ದಪ್ಪನವರಿಂದ ತಂದೆ. ಔಷಧಿ ಕಂಪನಿಯದು, ಇದಕ್ಕೆ ಒಂದು ಚೂರು ಮಣ್ಣೂ ಸೋಕಿಲ್ಲ ಎಂದು ಅವರು ಆಣೆ ಮಾಡಿದ್ದರು. ಮಣ್ಣು ಸೋಕಿರಲಿಲ್ಲ, ನಿಜ.

ಹಿಂದಿನ ಸಂಜೆ ಅದು ಮನೆಗೆ ಬಂದಾಗಲೇ ಅಮ್ಮ ಒಂದು ತಟ್ಟೆ ಸಂಡಿಗೆ ಹಿಡಿದು ನಿಂತಿದ್ದಳು. ಬಿಸಿಲೇ ಇಲ್ಲ, ಒಸಿ ಒಣಗಿಸಿಕೊಡು ಎಂದಳು. ಲ್ಯಾಬಿನ ಉಪಕರಣದೊಳಗೆ ತಿನ್ನುವ ವಸ್ತು ಹೋಗಕೂಡದೆಂದು ನಾನು ಕೊಟ್ಟ ಉಪನ್ಯಾಸ, ಕಾಲೇಜಿನಲ್ಲಿ ನಾನು ಕೇಳಿದ ಯಾವುದಕ್ಕಿಂತಲೂ ಉದ್ದವಿತ್ತು. ಅಮ್ಮ ಸಂಡಿಗೆಯನ್ನು ಫ್ರಿಜ್ಜಿನ ಮೇಲಿಟ್ಟಳು.

ಅಕ್ಕಿಹೆಬ್ಬಾಳಿನ ಕಬ್ಬು ಬೆಳೆಗಾರರೊಬ್ಬರ ಮಣ್ಣು ಪೊಟ್ಟಣಗಳಲ್ಲಿ ಕಾಯುತ್ತಿತ್ತು. ಅವರು ನನ್ನ ಮೊದಲ ಗಿರಾಕಿ. ಓವನ್ನಿನ ಥರ್ಮಾಮೀಟರ್ ನಡುವಿನ ಶಾಖವನ್ನಷ್ಟೇ ಹೇಳುತ್ತದೆ. ತಿಂಡಿ ಬೇಯಿಸಿ ಹಳತಾದದ್ದರ ಮೂಲೆಗಳಲ್ಲಿ ಶಾಖ ಏರುಪೇರಾಗಿ ಫಲಿತಾಂಶ ತಪ್ಪಿದರೆ, ನನ್ನ ಹೆಸರು ಹುಟ್ಟುವ ಮೊದಲೇ ಕೆಡುತ್ತದೆ. ಟೂಟಿ ಫ್ರೂಟಿಯನ್ನು ಕಾಗದದಲ್ಲಿ ಮಡಚಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅದರಲ್ಲಿ 'ವಂಚನೆ' ಎಂಬ ಪದ ಎರಡು ಕಡೆ ಬರುತ್ತಿತ್ತು.

ಸಿದ್ದಪ್ಪನವರು ಚೂರನ್ನು ಅಂಗೈಯಲ್ಲಿಟ್ಟು ಮೂಸಿ, ಒಪ್ಪಿಕೊಂಡೇಬಿಟ್ಟರು. ಔಷಧಿ ಕಂಪನಿಗೂ ತಮಗೂ ನಡುವೆ ನಾಗಮಂಗಲದ ಬೇಕರಿಯೊಂದು ಇತ್ತಂತೆ. ಹೇಳಲು ಮರೆತರಂತೆ.

"ಇದು ಸರಿಯಾ ನೀವು ಮಾಡಿದ್ದು?" ಎಂದೆ. ಎರಡು ವಂಚನೆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಂಗ್ಯಾಕಂತೀರವ್ವ. ಲ್ಯಾಬ್ನೋರು ಮಣ್ಣು ಸೀಯಿಸಿದ್ರೆ ಯಾರ್ಗೆ ಗೊತ್ತಾಯ್ತದೆ? ಬಿಸ್ಕತ್ತು ಸೀದೋದ್ರೆ ಊರ್ಗೆಲ್ಲಾ ಗೊತ್ತಾಯ್ತದೆ. ಬೇಕ್ರಿಯೋನು ಮಡಿಕಂಡಿದ್ದ ಅಂದ್ರೆ ಓವನ್ನು ಸರ್ಯಾಗದೆ ಅಂತ್ಲೇ ಲೆಕ್ಕ."

"ಸರಿಯಾಗಿದ್ದರೆ ಯಾಕೆ ಮಾರಿದ?"

"ಯಾಪಾರ ಜೋರಾಯ್ತು, ದೊಡ್ಡುದ್ ತಕಂಡ ಕಣವ್ವ. ನಿಮ್ಗೂ ಜೋರಾಗ್ಲಿ, ನೀವೂ ಇದ್ನ ನಂಗೇ ಮಾರೀರಿ."

ವಾಪಸ್ಸು ತೆಗೆದುಕೊಳ್ಳುವ ಮಾತು ಎತ್ತುವ ಮೊದಲೇ ಟೀ ತರಿಸಿದರು, ಜೊತೆಗೆ ಬಿಸ್ಕತ್ತು. ನಾನು ಮುಟ್ಟಲಿಲ್ಲ. ಇಂಥ ಅವೈಜ್ಞಾನಿಕ ಮಾತು ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ಬಸ್ಸಿನಲ್ಲಿ ಮನೆಯವರೆಗೂ ಕುದಿದೆ. ಅದನ್ನು ಅಲ್ಲಗಳೆಯಬೇಕಾದರೆ ಪರೀಕ್ಷೆ ಮಾಡಿಯೇ ತೋರಿಸಬೇಕಿತ್ತು.

ಮರುದಿನ ಬೆಳಿಗ್ಗೆ ಮೈದಾ, ಬೆಣ್ಣೆ, ಸಕ್ಕರೆ ಕಲಸಿ, ಒಂದೇ ತೂಕದ ಬಿಸ್ಕತ್ತು ತಟ್ಟಿ, ಓವನ್ನಿನಲ್ಲಿ ಮೂಲೆಗೊಂದು, ನಡುವೆ ಒಂದು ಇಟ್ಟೆ. ಹಿಂದಿನ ಬಲಮೂಲೆಯದು ಕಪ್ಪಾಯಿತು. ಉಳಿದವೆಲ್ಲ ಒಂದೇ ಬಣ್ಣ. ಆ ಮೂಲೆಯಲ್ಲಿ ಮಣ್ಣಿಡಬಾರದೆಂದು ಗುರುತು ಮಾಡಿ ತಿರುಗಿದರೆ, ಬಾಗಿಲಲ್ಲಿ ಅಮ್ಮ. ಒಂದು ಕೈಯಲ್ಲಿ ನನ್ನ ಕಾಫಿ, ಇನ್ನೊಂದರಲ್ಲಿ ಸಂಡಿಗೆಯ ತಟ್ಟೆ. ಕಾಫಿ ಮೇಜಿನ ಮೇಲಿಟ್ಟು ತಟ್ಟೆಯನ್ನು ನನ್ನತ್ತ ಚಾಚಿದಳು. ನಾನು ಶಾಖ ತಗ್ಗಿಸಿ ಸಂಡಿಗೆ ಒಳಗಿಟ್ಟೆ, ಆ ಮೂಲೆಯೊಂದನ್ನು ಬಿಟ್ಟು.