ಬಾವಲಿಯ ಮಿದುಳೂ ನನ್ನ ಕಿವಿಯೂ

ಗಂಡಸರ ಕಿವಿಯ ಬಗ್ಗೆ ಹೆಂಗಸರಿಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂಬುದು ಮದುವೆಯಾದ ತಿಂಗಳಲ್ಲೇ ನನಗೆ ಗೊತ್ತಾಯಿತು. ನನ್ನ ಕಿವಿಗಳು ನೋಡಲು ದೊಡ್ಡವೇ. ಗಣಿತ ಮಾಸ್ತರನಾಗಿದ್ದಾಗ ಕಡೆಯ ಬೆಂಚಿನ ಪಿಸುಮಾತೂ ಕೇಳಿಸುತ್ತಿತ್ತು. ಆದರೆ ಸವಣೂರಿನ ನಮ್ಮ ಮನೆಯಲ್ಲಿ ಹೆಂಡತಿ ಗಿರಿಜಾ ಅಡುಗೆಮನೆಯಿಂದ "ರೀ" ಎಂದರೆ ಮಾತ್ರ ಅದು ಪಡಸಾಲೆ ದಾಟಿ ನನ್ನ ತನಕ ಬರುವುದಿಲ್ಲ. ಅಪ್ಪ ಇಟ್ಟ ವೀರಭದ್ರಪ್ಪ ಎಂಬ ಭಾರವಾದ ಹೆಸರು ನನಗಿದೆ. ಗಂಡನ ಹೆಸರು ಹೇಳಬಾರದೆಂದು ಅವಳ ಅವ್ವ ಕಲಿಸಿದ್ದರಿಂದ ಮೂವತ್ತು ವರ್ಷಗಳಿಂದ ಆ ಒಂದಕ್ಷರದಲ್ಲೇ ನನ್ನ ಸಂಸಾರ ನಡೆದಿದೆ.

ಕಳೆದ ತಿಂಗಳು ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಹನಿ ಶುರುವಾದಾಗ ಗಿರಿಜಾಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಆರು ಸಲ ಕರೆದಳಂತೆ. ನಾನು ಪತ್ರಿಕೆಯ ಪದಬಂಧದಲ್ಲಿ ಮುಳುಗಿದ್ದೆ. ಎರಡು ದಿನದ ಕೆಲಸ ಮತ್ತೆ ಗಂಜಿಯಾಯಿತು. ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

"ನಿಮಗ ಕೇಳೂದಿಲ್ಲೋ, ಇಲ್ಲಾ ನನ್ನ ಮಾತು ಬ್ಯಾಡೇನೋ, ಅದೊಂದು ತಿಳೀಬೇಕ್ರಿ ನನಗ" ಎಂದು ಹುಬ್ಬಳ್ಳಿಯ ಕಿವಿ ಡಾಕ್ಟರರ ಹತ್ತಿರ ಕರೆದೊಯ್ದಳು. ಬಸ್ಸಿನುದ್ದಕ್ಕೂ, ಒಂದು ಕಿವಿಯಾದರೂ ಕೆಟ್ಟಿರಲಿ ಶಿವನೇ ಎಂದು ಬೇಡಿಕೊಂಡೆ. ಡಾಕ್ಟರು ಪರೀಕ್ಷೆ ಮಾಡಿ, "ಹುಡುಗರ ಕಿವಿ ಇದ್ದಂಗ ಅದಾವ್ರಿ ಸರ್" ಎಂದು ನನ್ನನ್ನು ಅಭಿನಂದಿಸಿದರು. ಮರಳುವಾಗ ಗಿರಿಜಾ ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಹೆಂಗಸರ ಸೀಟಿನಲ್ಲಿ ಹೋಗಿ ಕುಳಿತಳು.

ಆ ವಾರವೇ ಅಕ್ಕನ ಮಗಳು ಸುಮಾ ಬಂದಳು. ಅವಳು ಓದುತ್ತಿರುವುದು ಬಾವಲಿಗಳ ಮೇಲೆ. ಇಲ್ಲಿನ ಹಳೇ ಪಾಳು ಕಟ್ಟಡಗಳಲ್ಲಿ ಅವುಗಳ ಕೂಗನ್ನು ಯಂತ್ರದಲ್ಲಿ ಹಿಡಿಯಲು ಬಂದಿದ್ದಳು. ನನ್ನ ಸಂಕಟ ಕೇಳಿ, "ಮಾಮಾ, ಕೇಳೂದು ಬರೇ ಕಿವಿ ಕೆಲಸ ಅಲ್ಲ. ಬಾವಲಿ ಮಧ್ಯ ಮಿದುಳಿನ್ಯಾಗ ಕೆಲವು ನರಕೋಶ ಭಾಳ ಹಟಮಾರಿ. ಒಂದು ಸಪ್ಪಳ ಎಷ್ಟು ಜೋರು ಬಂದ್ರೂ ಸುಮ್ಮನ ಕುಂತಿರ್ತಾವ. ಅದರ ಹಿಂದ ಲೆಕ್ಕ ಹಾಕಿದಂಗ ಇಷ್ಟ ಹೊತ್ತು ಬಿಟ್ಟು ಇನ್ನೊಂದು ಬಂದ್ರ ಮಾತ್ರ ಎದ್ದು ಕುಂದರ್ತಾವ. ತನ್ನ ಕೂಗು, ಅದರ ಮಾರ್ದನಿ ಎರಡೂ ಕೂಡಿಸಿ ಹುಳ ಎಷ್ಟು ದೂರ ಐತಿ ಅಂತ ಬಾವಲಿ ತಿಳ್ಕೊಳ್ಳೂದು ಹಿಂಗ" ಎಂದಳು.

ನನಗೆ ಹೋದ ಜೀವ ಬಂತು. ಅಡುಗೆಮನೆಗೆ ಹೋಗಿ, "ನನ್ನ ನರಕೋಶಕ್ಕ ಬರೇ 'ರೀ' ಸಾಲೂದಿಲ್ಲ. 'ರೀ' ಹಿಂದ ಚಹಾದ ಕಪ್ಪು-ಬಸಿ ಸಪ್ಪಳ ಬಂದ್ರ ನಾ ಏಳೂದಿಲ್ಲೇನು?" ಎಂದು ವಿವರಿಸಿದೆ.

"ಹಂಗಂದ್ರ ತಪ್ಪು ನಿಮ್ದಲ್ಲ, ಬಾವಲೀದು" ಎಂದಳು ಗಿರಿಜಾ.

ಆಮೇಲೆ ಅವಳೂ ಸುಮಾಳೂ ಸೇರಿ ನನಗೆ ತಿಳಿಯದಂತೆ ಒಂದು ಪರೀಕ್ಷೆ ಹೂಡಿದರು. ಎಂಥ ಮಿದುಳಾದರೂ ಸ್ವಂತ ಹೆಸರಿಗೆ ಎಚ್ಚರಾಗುತ್ತದೆ, ಒಮ್ಮೆ ಹೆಸರು ಹಿಡಿದು ಕರೆಯಿರಿ ಎಂದು ಸುಮಾ ಅವಳನ್ನು ಒಪ್ಪಿಸಿದ್ದಳು. ಒಪ್ಪಲು ಗಿರಿಜಾಗೆ ಎರಡು ದಿನ ಬೇಕಾಯಿತಂತೆ.

ಬೆಳಗಿನ ಹೊತ್ತು. ನಾನು ಎಲೆ ಮಡಚಿ ಬಾಯಿಗಿಟ್ಟುಕೊಂಡು ಪದಬಂಧಕ್ಕೆ ಕುಳಿತಿದ್ದೆ. ಒಳಗಿಂದ ಸಣ್ಣ ದನಿಯೊಂದು "ವೀರಭದ್ರಪ್ಪಾ" ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ.

ನಾನು ತಲೆಯೆತ್ತದೆ, ಎದುರಿಗೆ ಕುಳಿತಿದ್ದ ಸುಮಾಗೆ ಹೇಳಿದೆ: "ಯಾರೋ ವೀರಭದ್ರಪ್ಪನ್ನ ಕರ್ಯಾಕತ್ತಾರ ನೋಡವ್ವ. ಪಾಪ, ಎಲ್ಲಿ ಹೋಗ್ಯಾನೋ ಏನೋ."

ಸುಮಾ ನಗಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಗಿರಿಜಾ. ಮುಖವೆಲ್ಲ ಕೆಂಪಾಗಿತ್ತು. ಅವ್ವನ ಮಾತು ಮೀರಿ, ನಾಚಿಕೆ ನುಂಗಿಕೊಂಡು, ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಹೆಸರು ಹೇಳಿದ್ದಳು. ನಾನು ಅದನ್ನು ಯಾವನಿಗೋ ದಾಟಿಸಿಬಿಟ್ಟಿದ್ದೆ. ನನಗೆ ಬಹಳ ಕೆಟ್ಟದೆನಿಸಿತು. ಅವಳು ಒಳಗೆ ಹೋದಳು.

ಅಂದಿನಿಂದ ಅವಳು ಕರೆಯುವುದನ್ನೇ ಬಿಟ್ಟಿದ್ದಾಳೆ. "ರೀ" ಕೂಡ ಇಲ್ಲ. ನನಗೋ ಈಗ ಸಾಸಿವೆ ಸಿಡಿದದ್ದೂ ಕೇಳಿಸುತ್ತದೆ. ಗಳಿಗೆಗೊಮ್ಮೆ ಎದ್ದುಹೋಗಿ "ಕರದೇನು?" ಎನ್ನುತ್ತೇನೆ. "ಇಲ್ರಿ" ಎನ್ನುತ್ತಾಳೆ. ನಿನ್ನೆ ನಾಲ್ಕನೇ ಸಲ ಹೋದವನು ತಡೆಯಲಾರದೆ, "ಇನ್ನೊಮ್ಮೆ ಹೆಸರು ಹಿಡದು ಕರಿ, ಓಡಿ ಬರ್ತೇನಿ" ಎಂದು ಕೇಳಿಕೊಂಡೆ.

ರೊಟ್ಟಿ ಬಡಿಯುತ್ತಿದ್ದವಳು ಹೊರಳಿಯೂ ನೋಡಲಿಲ್ಲ. "ಅವರು ಎಲ್ಲಿ ಹೋಗ್ಯಾರೋ ಏನೋ ಅಂದ್ರಲ್ರಿ. ಬರ್ಲಿ, ಬಂದಮ್ಯಾಲೆ ಕರೀತೇನಿ."

ಈ ಮಾತು ಮಾತ್ರ ಮೊದಲನೇ ಸಲಕ್ಕೇ ಕೇಳಿಸಿತು.