ನಾಮಕರಣಕ್ಕೆ ನಾನು ಹಾಕಿದ ಪ್ಲೇಟು

ಗ್ರಾಮಫೋನು ನಡೆಸುವುದು ಏನು ಮಹಾ ವಿದ್ಯೆ? ಕೀಲಿ ತಿರುಗಿಸಬೇಕು, ಪ್ಲೇಟು ಇಡಬೇಕು, ಮುಳ್ಳು ಇಳಿಸಬೇಕು. ರಾಗಿಮುದ್ದೆ ಗಂಟಾಗದಂತೆ ತಿರುವುವುದಕ್ಕಿಂತ ಸುಲಭ. ಹೀಗೆಂದು ನಾನು ಬೀದಿಯ ನಲ್ಲಿಯ ಹತ್ತಿರ ನಿಂತು ಹತ್ತು ಜನರಿಗೆ ಕೇಳುವ ಹಾಗೆ ಹೇಳಿದ್ದೆ. ಅದೇ ನಲ್ಲಿಯ ಹತ್ತಿರವೇ ನನ್ನ ಮಾನ ಹರಾಜಾಗುವುದೆಂದು ಯಾರಿಗೆ ಗೊತ್ತಿತ್ತು!

ಅಯ್ಯೋ, ಮೊದಲು ಹೇಳಬೇಕಾದದ್ದನ್ನೇ ಹೇಳಲಿಲ್ಲ. ನನಗೆ ಮೊಮ್ಮಗ ಹುಟ್ಟಿದ್ದಾನೆ! ಮಗಳು ಜಯ ಹೆರಿಗೆಗೆಂದು ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಬಂದಿದ್ದಳು. ಮಗುವಿನ ಮೂಗು ನನ್ನದು. ಕಿವಿ ನನ್ನದು. ಹಟವೂ ನನ್ನದೇ ಎಂದು ನಮ್ಮ ಯಜಮಾನರು ಹೇಳುತ್ತಾರೆ, ಅದನ್ನು ಹೊಗಳಿಕೆ ಎಂದೇ ನಾನು ತೆಗೆದುಕೊಂಡಿದ್ದೇನೆ. ಅವನು ಹುಟ್ಟಿದ ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ. ಸೊಪ್ಪಿನವಳಿಗೂ ಸಕ್ಕರೆ ಕೊಟ್ಟೆ, ಸೊಪ್ಪಿನವಳ ಜೊತೆ ಬಂದ ಹಸುವಿಗೂ ಕೊಟ್ಟೆ.

ನಾಮಕರಣದ ದಿನ ಗೊತ್ತಾಯಿತು. ಶ್ರೀರಾಂಪುರದಿಂದ ಬೀಗರು ಬರುವವರಿದ್ದರು. ನನ್ನ ಎದೆಯೊಳಗೆ ಒಂದು ಹಳೆಯ ಮುಳ್ಳು ಚುಚ್ಚತೊಡಗಿತು.

ಜಯಳ ಮದುವೆಯ ದಿನ ಓಲಗದವರು ಕೈಕೊಟ್ಟಿದ್ದರು. ತಾಳಿ ಕಟ್ಟುವಾಗ ಓಲಗವಿಲ್ಲ, ಡೋಲಿಲ್ಲ, ಪುರೋಹಿತರ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಅಳಿಯನ ತಾಯಿ ದೊಡ್ಡತಾಯಮ್ಮನವರು ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟರು: “ಏನ್ ಬೀಗ್ತಿ, ನಿಮ್ಮನೆ ಮದ್ವೆ ಇಂಗಾ ಇರೋದು? ಸಾವಿನ ಮನೇಲಾದ್ರೂ ತಮಟೆ ಬಡೀತಾರೆ ಕಣವ್ವ!”

ಆ ಮಾತು ನನಗೆ ಇವತ್ತಿಗೂ ಅನ್ನದ ಜೊತೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಾನು ಶಪಥ ಮಾಡಿದೆ. ನಾಮಕರಣದ ದಿನ ಬೀಗರು ಬೀದಿಯ ತುದಿಯಲ್ಲಿ ಜಟಕಾ ಇಳಿಯುತ್ತಿದ್ದಂತೆಯೇ ನಮ್ಮ ಮನೆಯ ಸಂಗೀತ ಅವರ ಕಿವಿಗೆ ಬಡಿಯಬೇಕು! ಬಡಿಯಿತು. ಚೆನ್ನಾಗಿಯೇ ಬಡಿಯಿತು.

ಸಂಗೀತದ ವಿಷಯದಲ್ಲಿ ನಾನು ತೀರ ದಡ್ಡಿಯಲ್ಲ. ಓದಿದ್ದು ಮೂರನೇ ಕ್ಲಾಸು, ನಿಜ. ಮಿಕ್ಕಿದ್ದನ್ನೆಲ್ಲ ಟಾಕೀಸಿನಲ್ಲಿ ಹೆಂಗಸರ ಬೆಂಚಿನ ಮೇಲೆ ಕುಳಿತು ಕಲಿತಿದ್ದೇನೆ. ಸೆರಗು ಒದ್ದೆಯಾಗದಿದ್ದರೆ ಅದು ಸಿನಿಮಾವೇ ಅಲ್ಲ ಎಂಬುದು ನನ್ನ ತೀರ್ಮಾನ. ನಗಿಸುವ ಸಿನಿಮಾಕ್ಕೆ ಕಾಸು ಯಾಕೆ ಕೊಡಬೇಕು? ಮನೆಯಲ್ಲಿ ಯಜಮಾನರು ಇದ್ದಾರಲ್ಲ!

ಅಂಥ ಒಂದು ಸಿನಿಮಾದಲ್ಲಿ ಒಂದು ಜೋಗುಳ ಕೇಳಿದ್ದೆ. ಅದರ ಪ್ಲೇಟು ಪಕ್ಕದ ಮನೆಯ ರೋಸಮ್ಮನ ಹತ್ತಿರ ಇತ್ತು. ಅವಳ ಮಾವನ ಕಾಲದ ಗ್ರಾಮಫೋನು, ಒಂದು ತಗಡಿನ ಪೆಟ್ಟಿಗೆ ತುಂಬ ಪ್ಲೇಟು. ಅದರಲ್ಲಿ ಸಿನಿಮಾ ಹಾಡೂ ಇತ್ತು, ಚರ್ಚಿನ ಹಾಡೂ ಇತ್ತು, ನಾಟಕದ ಪ್ಲೇಟೂ ಇತ್ತು. ಎಲ್ಲದರ ಮೇಲೂ ಇಂಗ್ಲಿಷ್ ಬರಹ. ನನಗೆ ಎಲ್ಲವೂ ಒಂದೇ ಕಾವಲಿಯಲ್ಲಿ ಹುಯ್ದ ದೋಸೆಯ ಹಾಗೆ ಕಂಡವು. ರೋಸಮ್ಮ ಒಂದೊಂದೇ ಹಾಕಿ ತೋರಿಸಿದಳು. ಜೋಗುಳ ಬಂದ ತಕ್ಷಣ ನಾನು ಅದರ ನಡುವಿನ ಕಾಗದದ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟೆ.

“ಚೆನ್ನಕ್ಕ, ನಾನೇ ಬಂದು ಹಾಕಿಕೊಡ್ತೀನಿ ಬುಡಿ” ಅಂದಳು ರೋಸಮ್ಮ.

“ಬೇಡ ಕಣಮ್ಮ. ಅಜ್ಜಿ ಕೈಯಾರ ಹಾಕಿದ್ಲು ಅಂತ ಆಗ್ಬೇಕು. ನೀನು ಮುಟ್ಟಬ್ಯಾಡ.”

ರೋಸಮ್ಮನಿಗೆ ಮಾತ್ರವಲ್ಲ, ಮನೆಯವರೆಲ್ಲರಿಗೂ ಹೇಳಿದೆ. ನಮ್ಮ ಯಜಮಾನರ ಕೈ ಸುಮ್ಮನಿರುವ ಕೈಯಲ್ಲ. ಗಡಿಯಾರ ಬಿಚ್ಚಿ ಜೋಡಿಸಲಾಗದೆ ಸುಣ್ಣದ ಡಬ್ಬಿಯಲ್ಲಿ ತುಂಬಿಟ್ಟವರು. ಅದಕ್ಕೇ ಗಟ್ಟಿಯಾಗಿ ಕಟ್ಟಪ್ಪಣೆ ಮಾಡಿದೆ: “ನನ್ನ ಬಿಟ್ಟು ಯಾರಾದ್ರೂ ಈ ಮಿಷಿನ್ ಮುಟ್ಟಿದ್ರೆ, ಮಗೀನ ಮೇಲಾಣೆ!”

ಎಲ್ಲರೂ ಹೌದೆಂದು ತಲೆ ಆಡಿಸಿದರು. ಮಗುವಿನ ಮೇಲಿನ ಆಣೆಯನ್ನು ಯಾರು ಮೀರುತ್ತಾರೆ?

ನಾಮಕರಣದ ಬೆಳಿಗ್ಗೆ ಮೈಕ್ ಸೆಟ್ಟಿನವನು ಬಂದು ಸೂರಿನ ಮೇಲೆ ದೊಡ್ಡ ಹಾರ್ನು ಕಟ್ಟಿದ. ಗ್ರಾಮಫೋನಿನ ಮುಂದೆ ಮೈಕು ನಿಲ್ಲಿಸಿ, “ಸಂಜೆ ಬಂದು ಬಿಚ್ಚಿಕೊಂಡು ಹೋಗ್ತೀನಿ” ಎಂದು ಬೇರೆ ಮದುವೆಗೆ ಹೊರಟುಹೋದ. ನಾನು ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಬಂದೆ. ನಮ್ಮಲ್ಲಿ ಯಾವ ಸಾಮಾನನ್ನೂ ಪೂಜೆ ಮಾಡದೆ ಶುಭಕಾರ್ಯಕ್ಕೆ ಇಳಿಸುವುದಿಲ್ಲ. ನೇಗಿಲಿಗಾದರೂ ಸರಿ, ಒನಕೆಗಾದರೂ ಸರಿ, ಸೈಕಲ್ಲಿಗಾದರೂ ಸರಿ. ಹಾಡುವ ಮಿಷಿನ್ನು ಎಂದರೆ ಸಾಕ್ಷಾತ್ ಸರಸ್ವತಿ! ಅದಕ್ಕೆ ಹೂವಿಟ್ಟೆ. ಪ್ಲೇಟುಗಳನ್ನೆಲ್ಲ ಹೊರತೆಗೆದೆ. ಒಂದಕ್ಕಿಟ್ಟು ಇನ್ನೊಂದಕ್ಕೆ ಬಿಡಬಹುದೇ? ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ, ಪ್ರತಿಯೊಂದಕ್ಕೂ ಧಾರಾಳವಾಗಿ ಹಚ್ಚಿದೆ. ಕೆಲವಕ್ಕೆ ಕೆಳಗೆ ಸೋರಿತು. ಸೋರಲಿ, ಸಂತೋಷದ ದಿನ! ಸಾಲಾಗಿ ಮುತ್ತೈದೆಯರ ಹಾಗೆ ಹೊಳೆಯುತ್ತಿದ್ದ ಪ್ಲೇಟುಗಳನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಅಷ್ಟೂ ಮುತ್ತೈದೆಯರ ನಡುವೆ ನನ್ನ ಗುರುತಿನ ಬೊಟ್ಟು ಎಲ್ಲಿ ಹೋಯಿತು ಎಂದು ಮಾತ್ರ ಹೊಳೆಯಲಿಲ್ಲ.

“ಜಟಕಾ ಬಂತು!” ಎಂದು ಯಾರೋ ಕೂಗಿದರು. ನಾನು ಓಡಿಬಂದು ಕೀಲಿಯನ್ನು ತಿರುಗುವಷ್ಟೂ ತಿರುಗಿಸಿದೆ. ಸಾಲಿನಲ್ಲಿ ಕೈಗೆ ಸಿಕ್ಕಿದ ಪ್ಲೇಟನ್ನು ಮಿಷಿನ್ನಿನ ಮೇಲಿಟ್ಟು ನೋಡಿದೆ. ಕುಂಕುಮವಿತ್ತು. ಇನ್ನೇನು ಬೇಕು? ಮುಳ್ಳು ಇಳಿಸಿದೆ. ಇಂಪಾದ ಪಿಟೀಲು ಶುರುವಾಯಿತು. ಹಾರ್ನಿನಿಂದ ಹೊರಟ ನಾದ ಚರ್ಚಿನ ಗೋಪುರದವರೆಗೂ ಹೋಗುತ್ತಿತ್ತು. ಬೀದಿಯ ತುದಿಗೆ ಹೇಗೆ ಕೇಳುತ್ತದೋ ನೋಡೋಣವೆಂದು, ಬೀಗಿತಿಯನ್ನು ಎದುರುಗೊಳ್ಳುವ ನೆಪದಲ್ಲಿ ನಾನು ಸರಸರನೆ ಹೊರಗೆ ಹೋದೆ. ಎದೆ ಎತ್ತಿಕೊಂಡು ಹೋದೆ!

ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಪಿಟೀಲು ನಿಂತಿತು. ಒಂದು ಹೆಣ್ಣು ದನಿ ಎದೆ ಬಿರಿಯುವಂತೆ ಕಿರುಚಿತು:

“ಅಯ್ಯಯ್ಯೋ! ಹೋದೆಯಾ ಕಂದಾ! ನಿನ್ನ ತಾಯಿಯನ್ನು ಬಿಟ್ಟು ಹೋದೆಯಾ!”

ಇದು ಜೋಗುಳವಲ್ಲ! ಯಾವುದೋ ನಾಟಕದ ರಾಣಿ, ಸತ್ತ ರಾಜಕುಮಾರನ ಮೇಲೆ ಬಿದ್ದು ಹೊರಳಾಡುವ ಪ್ಲೇಟು! ಹಸುಗೂಸು ಇರುವ ಮನೆಯ ಸೂರಿನಿಂದ, ಇಡೀ ಮೊಹಲ್ಲಾಕ್ಕೆ!

ತಿರುಗಿ ಓಡಬೇಕೆಂದೆ. ಅಷ್ಟರಲ್ಲಿ ನಲ್ಲಿಯ ಹತ್ತಿರ ಇದ್ದ ಹೆಂಗಸರು ಕೊಡಗಳನ್ನು ಬಿಸಾಡಿ ನನ್ನನ್ನು ಹಿಡಿದುಕೊಂಡರು. ದುಃಖದಲ್ಲಿರುವವಳನ್ನು ಹಿಡಿದುಕೊಳ್ಳುವುದು ನೆರೆಹೊರೆಯವರ ಧರ್ಮವಲ್ಲವೇ? ಒಬ್ಬಳು ಬಲಗೈ, ಒಬ್ಬಳು ಎಡಗೈ. ಒಬ್ಬಳು ಸೊಂಟ.

“ಬಿಡ್ರೇ! ನಾನು ಹೋಗ್ಬೇಕು! ನಿಲ್ಲಿಸ್ಬೇಕು!” ಎಂದು ಕೊಸರಾಡಿದೆ.

“ಏನ್ ನಿಲ್ಲಿಸ್ತೀರಕ್ಕ? ಹೋಗೋ ಜೀವ ನಾವ್ ನಿಲ್ಲಿಸಿದ್ರೆ ನಿಂತದಾ?”

“ಪ್ಲೇಟು ಕಣ್ರೇ! ಪ್ಲೇಟು!”

“ಅಯ್ಯೋ, ಅಕ್ಕಂಗೆ ತಲೆ ಕೆಟ್ಟೋಯ್ತು. ಊಟದ ತಟ್ಟೆ ಕೇಳ್ತಾವ್ರೆ. ನೀರ್ ಹಾಕ್ರೇ ತಲೆಗೆ!”

ಒಂದು ಕೊಡ ನೀರು ತಲೆಯ ಮೇಲೆ ಬಿತ್ತು. ಮಡಿ ಸೀರೆ, ಮಲ್ಲಿಗೆ ಹೂವು, ಮರ್ಯಾದೆ ಎಲ್ಲವೂ ತೊಪ್ಪೆಯಾದವು. ಕೂದಲು ಬಿಚ್ಚಿಹೋಯಿತು. ಸರಿಯಾಗಿ ಆ ಗಳಿಗೆಯಲ್ಲಿ ಬೀಗರ ಜಟಕಾ ಬಂದು ನಿಂತಿತು. ದೊಡ್ಡತಾಯಮ್ಮನವರು ಬೆಳ್ಳಿ ಉಡಿದಾರದ ತಟ್ಟೆ ಹಿಡಿದು ಇಳಿದರು. ಕೂದಲು ಕೆದರಿಕೊಂಡು, ನೀರು ಸುರಿಸುತ್ತ, ಮೂರು ಜನರ ಕೈಯಲ್ಲಿ ಒದ್ದಾಡುತ್ತಿದ್ದ ನನ್ನನ್ನು ನೋಡಿದರು. ಹಾರ್ನಿನ ಕಡೆ ಕಿವಿಗೊಟ್ಟರು.

“ಹೋದೆಯಾ ಕಂದಾ!” ಎಂದಿತು ಹಾರ್ನು.

ತಟ್ಟೆ ಕೆಳಗೆ ಬಿತ್ತು. “ಅಯ್ಯೋ ನನ್ ಮೊಮ್ಮಗನೇ!” ಎಂದು ಬೀಗಿತಿ ಎದೆ ಬಡಿದುಕೊಂಡು ನಮ್ಮ ಮನೆಯ ಕಡೆ ಓಡಿದರು. ಅವರ ಹಿಂದೆ ಬೀಗರು, ಬೀಗರ ಹಿಂದೆ ಕೊಡ ಬಿಸಾಡಿದವರು. ಅವರ ಹಿಂದೆ, ಕೊನೆಗೂ ಬಿಡುಗಡೆಯಾದ ನಾನು!

ಜಗಲಿಯ ಮೇಲೆ ನಮ್ಮ ಯಜಮಾನರು ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ಮೂಲೆ ಅಂಗಡಿಯ ಜವರಪ್ಪ ಅಂಗಡಿ ಬಾಗಿಲು ಎಳೆದುಕೊಂಡು ಓಡಿಬಂದಿದ್ದ. ಮಾತು ತಿಳಿಯದೆ ಅಳು ಮಾತ್ರ ಕೇಳಿಸಿ, ಹೋದದ್ದು ಮನೆಯ ಹಿರಿಯರೇ ಇರಬೇಕೆಂದು ಪಾಪ ಅವನು ಅಂದಾಜು ಮಾಡಿದ್ದ. ಯಜಮಾನರನ್ನು ನೋಡಿ ಥಟ್ಟನೆ ನಿಂತ.

“ಅಣ್ಣ! ನೀವು ಹೋಗ್ಲಿಲ್ವಾ?”

“ಎಲ್ಲಿಗಪ್ಪ? ಬೀಗರ ಊಟ ಆಗ್ಬುಡ್ಲಿ, ಆಮೇಲ್ ನೋಡನ” ಅಂದರು ಯಜಮಾನರು.

ಒಳಗೆ ಗ್ರಾಮಫೋನಿನ ಮುಂದೆ ರೋಸಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. “ಮುಟ್ಟಂಗಿಲ್ವಲ್ಲಕ್ಕ! ಆಣೆ ಹಾಕ್ಬುಟ್ಟಿದ್ದೀರಲ್ಲ!” ಎಂದು ಅವಳ ಅಳಲು. ಕೋಣೆಯಿಂದ ಜಯ, “ಅವ್ವಾ! ನಿಲ್ಸವ್ವಾ ಅದನ್ನ!” ಎಂದು ಕೂಗುತ್ತಿದ್ದಳು. ನಾನು ಜನರನ್ನು ತಳ್ಳಿಕೊಂಡು ಮಿಷಿನ್ನಿನ ಹತ್ತಿರ ಹೋಗುವಷ್ಟರಲ್ಲಿ ಮುಳ್ಳು, ಧಾರಾಳವಾಗಿ ಸೋರಿ ಒಣಗಿದ್ದ ನನ್ನ ಕುಂಕುಮಕ್ಕೆ ಸಿಕ್ಕಿಕೊಂಡಿತು. ರಾಣಿ ನಿಂತಲ್ಲೇ ನಿಂತಳು.

“ಕಣ್ಣು ಬಿಡೋ… ಕಣ್ಣು ಬಿಡೋ… ಕಣ್ಣು ಬಿಡೋ…”

ಬೀಗಿತಿ ತೊಟ್ಟಿಲಿನ ಮುಂದೆ ಕುಸಿದು, ಮಗುವಿನ ಮುಖ ನೋಡಿದರು. ಎಣ್ಣೆ ನೀರು ಹಾಕಿಸಿಕೊಂಡ ಮಗು ಕಣ್ಣು ಮುಚ್ಚಿ, ಮಿಸುಕದೆ ಮಲಗಿತ್ತು. ಹಿಂದೆ ನಿಂತವರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅತ್ತ ಕೀಲಿ ಮುಗಿಯುತ್ತ ಬಂದು, ರಾಣಿಯ ದನಿ ಇಳಿದು ಇಳಿದು ರಾಕ್ಷಸನ ದನಿಯಾಗಿತ್ತು.

“ಕಣ್… ಣು… ಬಿ… ಡೋ…”

ಮಗು ಕಣ್ಣು ಬಿಟ್ಟಿತು!

ಬಿಟ್ಟು, ಅಷ್ಟು ಜನರನ್ನು ನೋಡಿ, ಹಾರ್ನನ್ನೂ ಮೀರಿಸುವಂತೆ ಕಿರುಚಿತು. ದೊಡ್ಡತಾಯಮ್ಮನವರು “ಹಾ!” ಎಂದು ಹಿಂದಕ್ಕೆ ಬಿದ್ದರು. ಪುಣ್ಯಕ್ಕೆ ಹಿಂದೆ ಬೀಗರಿದ್ದರು. ಬೀಗರ ಹಿಂದೆ ಪಾಯಸದ ತಪ್ಪಲೆ ಇತ್ತು.

ಮಿಷಿನ್ನು ತಾನಾಗಿಯೇ ನಿಂತಿತು. ನಾನು ಒದ್ದೆ ಸೀರೆಯಲ್ಲಿ ನಡುಗುತ್ತ, ಕುಂಕುಮ, ಪೂಜೆ, ಆಣೆ ಎಲ್ಲವನ್ನೂ ಒಪ್ಪಿಸಿದೆ. ಒಂದೊಂದನ್ನೂ ಹೇಳಿದ ಹಾಗೆ ಅದು ನನ್ನದೇ ಕೆಲಸ ಎಂಬುದು ನನಗೇ ತಿಳಿಯುತ್ತ ಹೋಯಿತು. ಇನ್ನು ನನ್ನ ಮಗಳ ಗತಿ ಏನು, ಬೀಗರು ಹೀಗೆಯೇ ಜಟಕಾ ತಿರುಗಿಸಿಕೊಂಡು ಹೋದರೆ ಅವಳು ಅತ್ತೆಯ ಮನೆಗೆ ಯಾವ ಮುಖ ಹೊತ್ತು ಹೋಗುತ್ತಾಳೆ ಎಂಬ ಚಿಂತೆ ಹತ್ತಿತು.

ಬೀಗಿತಿ ಮಗುವನ್ನು ಎತ್ತಿಕೊಂಡರು. ಮೂಗು ಒರೆಸಿಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬೀಗ್ತಿ, ಮದ್ವೇಲಿ ನಾನೊಂದು ಮಾತು ಅಂದಿದ್ದೆ. ಸಾವಿನ ಮನೇಲಾದ್ರೂ ತಮಟೆ ಇರ್ತದೆ ಅಂತ.”

“ಅಂದಿದ್ರಿ ಕಣವ್ವ” ಅಂದೆ.

“ಆ ಮಾತ ವಾಪಸ್ ತಕ್ಕಂಡೆ. ಈ ಸತಿ ಏನೂ ಕೊರತೆ ಮಾಡ್ಲಿಲ್ಲ ಬುಡು!”

ಮೊದಲು ನಕ್ಕದ್ದು ಜಯ. ಆಮೇಲೆ ರೋಸಮ್ಮ. ಆಮೇಲೆ, ನನ್ನ ಆಶ್ಚರ್ಯಕ್ಕೆ, ಬೀಗಿತಿಯೇ. ಅವರು ನಗುತ್ತ ನಗುತ್ತ ಮಗುವನ್ನು ಎದೆಗವಚಿಕೊಂಡು ಮತ್ತೆ ಅತ್ತರು. ನಾನೂ ಅತ್ತೆ. ಸೆರಗು ಮೊದಲೇ ಒದ್ದೆಯಾಗಿದ್ದರಿಂದ ಲೆಕ್ಕಕ್ಕೆ ಬರಲಿಲ್ಲ.

ಮಗು ಬದುಕಿಯೇ ಇರುವಾಗ ಮುಹೂರ್ತ ಯಾಕೆ ಬಿಡಬೇಕೆಂದು ನಾಮಕರಣ ನಡೆಯಿತು. ಚಂದ್ರಶೇಖರ ಎಂದು ಕಿವಿಯಲ್ಲಿ ಹೆಸರು ಹೇಳಿದರು. ಬೀಗರು ಯಜಮಾನರ ಪಂಚೆ ಉಟ್ಟುಕೊಂಡು ಊಟಕ್ಕೆ ಕುಳಿತರು, ಅವರ ಸ್ವಂತ ಪಂಚೆಯ ಪಾಲಿಗೆ ಪಾಯಸ ಬಂದಿತ್ತಲ್ಲ. ಊಟವಾದ ಮೇಲೆ ಬೀಗಿತಿ ಎಲೆಗೆ ಸುಣ್ಣ ಹಚ್ಚುತ್ತ, ಯಾರಿಗೂ ಕೇಳದ ಹಾಗೆ ನನ್ನ ಹತ್ತಿರ ಸರಿದರು.

“ಬೀಗ್ತಿ, ಆ ಪ್ಲೇಟು… ಆಮೇಲೆ ರಾಣಿ ಮಗ ಎದ್ದನಾ?”

“ಗೊತ್ತಿಲ್ಲ ಕಣವ್ವ, ನಾನೂ ಪೂರ್ತಿ ಕೇಳಿಲ್ಲ.”

“ಏನ್ ಚೆಂದಾಗಿ ಅಳ್ತಾಳೆ ಆಯಮ್ಮ! ಒಂದ್ ಸತಿ ಹಾಕು, ಕೇಳನ. ಮೈಕು ಬ್ಯಾಡ!”

ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿ ಹಾಕಿದೆ. ಇಬ್ಬರೂ ಕಂಬಕ್ಕೆ ಒರಗಿ, ಮನಸಾರೆ ಅತ್ತೆವು. ಇಷ್ಟು ಒಳ್ಳೆಯ ಹೆಂಗಸನ್ನು ಇಷ್ಟು ದಿನ ತಪ್ಪು ತಿಳಿದಿದ್ದೆನಲ್ಲ ಎನ್ನಿಸಿತು.

ಈಗ ನನ್ನ ಮೊಮ್ಮಗ ಅಂಬೆಗಾಲಿಡುತ್ತಾನೆ. ಚಂದ್ರಶೇಖರ ಎಂದು ಕರೆದರೆ ತಿರುಗಿಯೂ ನೋಡುವುದಿಲ್ಲ. ಬೀದಿಯಲ್ಲಿಯೂ ಆ ಹೆಸರು ಯಾರಿಗೂ ನೆನಪಿಲ್ಲ. ಆದರೆ ನಾನು ನಲ್ಲಿಗೆ ಹೋದರೆ ಸಾಕು, “ಕಣ್ಣುಬಿಡೋ ಅಜ್ಜಿ ಬಂದ್ರು, ಜಾಗ ಬುಡ್ರೇ” ಎನ್ನುತ್ತಾರೆ. ಮನೆ ಹುಡುಕಿಕೊಂಡು ಬಂದವರಿಗೂ ಅದೇ ಗುರುತು ಹೇಳಿ ಕಳಿಸುತ್ತಾರೆ. ಮೊನ್ನೆ ನಮ್ಮ ಯಜಮಾನರೇ ಕಾಫಿ ಬೇಕಾಗಿ ಹಾಗೆ ಕರೆದರು, ನಾನು “ಬಂದೆ” ಎಂದುಬಿಟ್ಟೆ!

ಆ ದಿನ ಅಷ್ಟು ಸಡಗರದಿಂದ ನಾಮಕರಣ ಆದದ್ದು ನನಗೇ.